ವೈವ್ಯಾಕ್ಸ್ ಮಲೇರಿಯಾ ಮರುಕಳಿಸಿದರೆ ಔಷಧಿ ಸೋತಿದೆ ಅಂತ ಅಲ್ಲ

ನಮಸ್ಕಾರ. ಪರೇಲಿನ ಕಟ್ಟಡದ ಸೈಟಿನಲ್ಲಿರುವ ನಿಮ್ಮ ತಮ್ಮನಿಗೆ ಕ್ಲೋರೋಕ್ವಿನ್ ಕೊಟ್ಟು ಜ್ವರ ಇಳಿದಿತ್ತು, ಎರಡು ತಿಂಗಳಿಗೆ ಮತ್ತೆ ಬಂತು, ಮುಂಬೈ ಮಲೇರಿಯಾ ಔಷಧಿಗೆ ಬಗ್ಗುತ್ತಿಲ್ಲವಾ ಅಂತ ಕೇಳಿದ್ದೀರಿ. ರಿಪೋರ್ಟಿನಲ್ಲಿ ವೈವ್ಯಾಕ್ಸ್ (ಮಲೇರಿಯಾ ರೋಗಾಣುವಿನ ಒಂದು ಜಾತಿ) ಅಂತಿದ್ದರೆ ಹಾಗಿರುವ ಸಾಧ್ಯತೆ ಕಡಿಮೆ.

ವೈವ್ಯಾಕ್ಸ್ ಭಾರಿ ಕಿಲಾಡಿ. ರಕ್ತದಲ್ಲಿರುವುದು ಕ್ಲೋರೋಕ್ವಿನ್‌ಗೆ ಸಾಯುತ್ತದೆ. ಆದರೆ ಒಂದಷ್ಟು ಲಿವರ್‌ನಲ್ಲಿ ಸುಮ್ನೆ ಮಲಗಿದ್ದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಏಳುತ್ತವೆ. ಅವನ್ನು ಕೊಲ್ಲಲು ಪ್ರೈಮಾಕ್ವಿನ್ ಬೇಕು, ಸಾಮಾನ್ಯವಾಗಿ 14 ದಿನ. ಎಡವಟ್ಟಾಗುವುದು ಇಲ್ಲೇ. ಮೂರು ದಿನಕ್ಕೆ ಜ್ವರ ಇಳಿಯುತ್ತದೆ, ಹುಡುಗ ಕೆಲಸಕ್ಕೆ ಹೊರಡುತ್ತಾನೆ, ಅರ್ಧ ಖಾಲಿಯಾದ ಮಾತ್ರೆ ಪಟ್ಟಿ ಬ್ಯಾಗಿನಲ್ಲೇ ಉಳಿಯುತ್ತದೆ. ತಮ್ಮನನ್ನು ಕೇಳಿ ನೋಡಿ. ಸೈಟಿನ ನಿಂತ ನೀರಿನ ಸೊಳ್ಳೆ ಮತ್ತೆ ಕಚ್ಚಿ ಹೊಸದಾಗಿ ಬಂದಿರಲೂಬಹುದು.

ಹಾಗಂತ ಉಳಿದ ಮಾತ್ರೆ ನುಂಗಿಸಬೇಡಿ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವವರಿಗೆ ಪ್ರೈಮಾಕ್ವಿನ್ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಮೂತ್ರ ಕಪ್ಪಾದರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ರೋಗಾಣು ಔಷಧಿಗೆ ಬಗ್ಗುತ್ತಿಲ್ಲ ಅಂತ ಬರುವ ಸುದ್ದಿ ಜಾಸ್ತಿ ಫಾಲ್ಸಿಪ್ಯಾರಂ ಎಂಬ ಇನ್ನೊಂದು ಮಲೇರಿಯಾ ಜಾತಿಯದ್ದು. ನಮ್ಮ ದೇಶದಲ್ಲಿ ಅದು ಕ್ಲೋರೋಕ್ವಿನ್‌ಗೆ ಬಗ್ಗದಿರುವುದು ಮೊದಲು ಕಂಡದ್ದು 1973ರಲ್ಲಿ, ಅಸ್ಸಾಮಿನಲ್ಲಿ. ಈಗ ಅದಕ್ಕೆ ಆರ್ಟಿಮಿಸಿನಿನ್ ಜೊತೆ ಇನ್ನೊಂದು ಔಷಧಿ ಸೇರಿಸಿ ಕೊಡುತ್ತಾರೆ. ಈಶಾನ್ಯದಲ್ಲಿ ಆ ಜೊತೆಯ ಔಷಧಿಯೂ ಸೋತು, ಬೇರೆ ಜೋಡಿಗೆ ಹೋಗಬೇಕಾಯಿತು.

ಜ್ವರ ಇರುವಾಗಲೇ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಹಳೇ ರಿಪೋರ್ಟು, ಮಾತ್ರೆ ಪಟ್ಟಿ ಎರಡನ್ನೂ ಡಾಕ್ಟರಿಗೆ ತೋರಿಸಿ. ಎರಡೂ ಸಲ ಒಂದೇ ಜಾತಿಯ ರೋಗಾಣುವಾ ಅನ್ನುವುದನ್ನು ಅವರು ಮೊದಲು ನೋಡುತ್ತಾರೆ.