ಓದುಗರ ಪ್ರಶ್ನೆ, ನಮ್ಮ ಉತ್ತರ: ನೀರಿನ ಲೋಟದಲ್ಲಿದ್ದ ಆ ಎಲೆ ಎಲ್ಲಿ ಹೋಯಿತು?

ಕಳೆದ ಸಂಚಿಕೆಯಲ್ಲಿ ಸೌರಶಕ್ತಿಯ ಬಗ್ಗೆ ಬರೆದ ನಂತರ ಬಂದ ಪತ್ರಗಳಲ್ಲಿ ಹಲವು ‘ಕೃತಕ ಎಲೆ’ಯನ್ನೇ ಕುರಿತವು. ಅವುಗಳಲ್ಲಿ ಐದನ್ನು ಆಯ್ದು ಇಲ್ಲಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಹಲವು ವರ್ಷಗಳ ಹಿಂದೆ, ಅಮೆರಿಕದ ಪ್ರಾಧ್ಯಾಪಕರೊಬ್ಬರು ಕೃತಕ ಎಲೆಯನ್ನು ತಯಾರಿಸಿದ್ದಾರೆ, ಅದನ್ನು ನೀರಿಗೆ ಹಾಕಿ ಬಿಸಿಲಿಗಿಟ್ಟರೆ ಮನೆಗೆ ಬೇಕಾದ ವಿದ್ಯುತ್ ಸಿಗುತ್ತದೆ ಎಂದು ಪತ್ರಿಕೆಗಳಲ್ಲಿ ಓದಿದ್ದೆ. ಆಮೇಲೆ ಸುದ್ದಿಯೇ ಇಲ್ಲ. ಅವರು ಯಾರು? ಅದು ನಿಜವಾಗಿತ್ತೇ?
— ನಿವೃತ್ತ ಪ್ರೌಢಶಾಲಾ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ನಿಜವಾಗಿತ್ತು. ಆದರೆ ಸುದ್ದಿಯಲ್ಲಿ ಒಂದು ತಿದ್ದುಪಡಿ ಬೇಕು: ಆ ಎಲೆ ಕೊಡುತ್ತಿದ್ದುದು ವಿದ್ಯುತ್ತನ್ನಲ್ಲ, ಜಲಜನಕವನ್ನು. ಅದನ್ನು ಕೂಡಿಟ್ಟು ಬೇಕಾದಾಗ ಇಂಧನಕೋಶದ (ಜಲಜನಕವನ್ನು ಆಮ್ಲಜನಕದೊಡನೆ ಕೂಡಿಸಿ ವಿದ್ಯುತ್ ಪಡೆಯುವ ಸಾಧನ, ಫ್ಯುಯೆಲ್ ಸೆಲ್) ಮೂಲಕ ವಿದ್ಯುತ್ತಾಗಿ ಮಾರ್ಪಡಿಸಬೇಕು ಎಂಬುದು ಯೋಜನೆಯಾಗಿತ್ತು. ಆ ಪ್ರಾಧ್ಯಾಪಕರು ಡೇನಿಯಲ್ ನೊಸೆರಾ, ಆಗ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ ಎಂಐಟಿಯಲ್ಲಿದ್ದರು. 2011ರ ಮಾರ್ಚ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ನಡೆದ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಅವರು ಇದನ್ನು ಪ್ರಕಟಿಸಿದರು. ಹೆಸರಿಗೆ ಎಲೆಯಾದರೂ ಅದರಲ್ಲಿ ಹಸಿರೂ ಇರಲಿಲ್ಲ, ನಾರೂ ಇರಲಿಲ್ಲ. ಇಸ್ಪೀಟು ಎಲೆಯಷ್ಟು ಅಗಲದ ಸಿಲಿಕಾನ್ ಸೌರಕೋಶ, ಅದರ ಒಂದು ಮೈಗೆ ಕೋಬಾಲ್ಟ್ ಆಧಾರಿತ ವೇಗವರ್ಧಕದ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಲೇಪ, ಇನ್ನೊಂದು ಮೈಗೆ ನಿಕಲ್, ಮಾಲಿಬ್ಡಿನಮ್ ಮತ್ತು ಸತುವಿನ ಮಿಶ್ರಲೋಹ. ಲವಣ ಬೆರೆಸಿದ ನೀರಿನಲ್ಲಿ ಮುಳುಗಿಸಿ ಬೆಳಕು ಬಿಟ್ಟರೆ ತಂತಿಯ ಹಂಗಿಲ್ಲದೆ ಒಂದು ಮೈಯಿಂದ ಆಮ್ಲಜನಕದ ಗುಳ್ಳೆ, ಇನ್ನೊಂದರಿಂದ ಜಲಜನಕದ ಗುಳ್ಳೆ ಏಳುತ್ತಿತ್ತು.

ನೊಸೆರಾ ಹುಟ್ಟಿದ್ದು 1957ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. 1979ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ (ಕ್ಯಾಲ್‌ಟೆಕ್) ರಸಾಯನಶಾಸ್ತ್ರಜ್ಞ ಹ್ಯಾರಿ ಗ್ರೇ ಅವರ ಮಾರ್ಗದರ್ಶನದಲ್ಲಿ, ಪ್ರೋಟೀನಿನೊಳಗೆ ಎಲೆಕ್ಟ್ರಾನ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಷ್ಟು ವೇಗವಾಗಿ ಜಿಗಿಯುತ್ತದೆ ಎಂಬುದನ್ನು ಅಳೆಯುವ ಕೆಲಸದಲ್ಲಿ ಪಳಗಿದರು. 1984ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ, 1997ರಲ್ಲಿ ಎಂಐಟಿ, 2013ರ ಹೊತ್ತಿಗೆ ಹಾರ್ವರ್ಡ್ ಅವರ ನೆಲೆಯಾದವು. ಎಲೆಕ್ಟ್ರಾನ್ ಹೊರಟಾಗ ಅದರ ಜತೆಗೇ ಪ್ರೋಟಾನ್ ಹೇಗೆ ಹೆಜ್ಜೆ ಹಾಕುತ್ತದೆ ಎಂಬ, ಹೊರಗಿನವರಿಗೆ ಏನೂ ಅನ್ನಿಸದ ಪ್ರಶ್ನೆಯ ಹಿಂದೆ ಅವರು ವರ್ಷಗಟ್ಟಲೆ ಬಿದ್ದಿದ್ದರು. ಪತ್ರಿಕೆಗಳ ಕಣ್ಣಿಗೆ ಬಿದ್ದದ್ದು ಎಲೆ ಮಾತ್ರ. ನನ್ನ ಲೆಕ್ಕದಲ್ಲಿ ಆ ವೃತ್ತಿಜೀವನದ ತಿರುಳು ಇರುವುದು ಎಲೆಗಿಂತ ಮೂರು ವರ್ಷ ಹಿಂದಿನ ಕೋಬಾಲ್ಟ್ ಲೇಪದಲ್ಲಿ. ಅದನ್ನು ಮುಂದಿನ ಪ್ರಶ್ನೆಯ ಜತೆ ನೋಡೋಣ.

ಪ್ರಶ್ನೆ: ಬ್ಯಾಟರಿ ಜೋಡಿಸಿ ನೀರನ್ನು ವಿಭಜಿಸುವ ಪ್ರಯೋಗವನ್ನು ನಾವು ಹೈಸ್ಕೂಲಿನಲ್ಲೇ ಮಾಡಿದ್ದೇವೆ. ಇದರಲ್ಲಿ ಹೊಸದಾಗಿ ಸಂಶೋಧಿಸಲು ಏನಿದೆ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆ ಪ್ರಯೋಗವನ್ನೇ ಮತ್ತೊಮ್ಮೆ ಗಮನವಿಟ್ಟು ಮಾಡಿ. ಒಂದು ಲೋಟ ನೀರಿಗೆ ಚಿಟಿಕೆ ವಾಷಿಂಗ್ ಸೋಡಾ ಬೆರೆಸಿ (ಅಡುಗೆ ಉಪ್ಪು ಬೇಡ, ಕ್ಲೋರಿನ್ ಬರುತ್ತದೆ), ಎರಡು ಪೆನ್ಸಿಲ್ ಕಡ್ಡಿಗಳನ್ನು 9 ವೋಲ್ಟ್ ಬ್ಯಾಟರಿಗೆ ಜೋಡಿಸಿ ಇಳಿಬಿಟ್ಟರೆ ಗುಳ್ಳೆಗಳು ಏಳುತ್ತವೆ. ಲೆಕ್ಕದ ಪ್ರಕಾರ ನೀರನ್ನು ಒಡೆಯಲು 1.23 ವೋಲ್ಟ್ ಸಾಕು. ಆದರೆ ಒಂದೂವರೆ ವೋಲ್ಟಿನ ಒಂದೇ ಸೆಲ್ ಜೋಡಿಸಿದರೆ ಗುಳ್ಳೆ ಕಾಣುವುದೇ ಕಷ್ಟ. ಕ್ರಿಯೆಯನ್ನು ಮುಂದಕ್ಕೆ ತಳ್ಳಲು ಸುರಿಯಬೇಕಾದ ಹೆಚ್ಚುವರಿ ವೋಲ್ಟೇಜು ಬಿಸಿಯಾಗಿ ವ್ಯರ್ಥವಾಗುತ್ತದೆ. ತೊಡಕು ಹೆಚ್ಚಾಗಿ ಇರುವುದು ಆಮ್ಲಜನಕದ ಕಡೆಗೆ. ಎರಡು ನೀರಿನ ಅಣುಗಳಿಂದ ನಾಲ್ಕು ಎಲೆಕ್ಟ್ರಾನ್ ಮತ್ತು ನಾಲ್ಕು ಪ್ರೋಟಾನ್‌ಗಳನ್ನು ಬಿಡಿಸಿ, ಉಳಿದ ಎರಡು ಆಮ್ಲಜನಕ ಪರಮಾಣುಗಳಿಗೆ ಗಂಟು ಹಾಕಬೇಕು. ಎಲೆಕ್ಟ್ರಾನ್ ಮತ್ತು ಪ್ರೋಟಾನ್ ಜತೆಯಾಗಿ ನಡೆಯುವ ಬಗೆಯನ್ನು ಅಷ್ಟು ವರ್ಷ ಅಭ್ಯಾಸ ಮಾಡಿದವರೇ ಇದಕ್ಕೆ ಕೈಹಾಕಿದ್ದು ಆಕಸ್ಮಿಕವಲ್ಲ.

ನಿಜವಾದ ಎಲೆಯಲ್ಲಿ ಈ ಕೆಲಸವನ್ನು ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಪರಮಾಣುಗಳಿರುವ ಪುಟ್ಟ ಗೊಂಚಲು ಮಾಡುತ್ತದೆ. ಜಪಾನಿನ ಜಿಯಾನ್-ರೆನ್ ಶೆನ್ ಮತ್ತು ನೊಬುವೊ ಕಾಮಿಯಾ ಅವರ ತಂಡ ಅದರ ಸ್ಪಷ್ಟ ಚಿತ್ರವನ್ನು 2011ರಲ್ಲಿ ಕೊಟ್ಟಿತು. ಈ ಕೆಲಸ ಎಷ್ಟು ಕ್ರೂರವೆಂದರೆ, ಗೊಂಚಲನ್ನು ಹಿಡಿದಿಟ್ಟಿರುವ ಪ್ರೋಟೀನು ಪ್ರಖರ ಬಿಸಿಲಿನಲ್ಲಿ ಸುಮಾರು ಅರ್ಧ ಗಂಟೆಗೊಮ್ಮೆ ಹಾಳಾಗುತ್ತದೆ, ಗಿಡ ಅದನ್ನು ಕಿತ್ತು ಹೊಸದನ್ನು ಜೋಡಿಸುತ್ತದೆ. ಎಲೆ ಬಾಳುವುದು ಗಟ್ಟಿಯಾಗಿರುವುದರಿಂದಲ್ಲ, ಕೆಟ್ಟದ್ದನ್ನು ಬಿಡದೆ ರಿಪೇರಿ ಮಾಡಿಕೊಳ್ಳುವುದರಿಂದ.

2008ರಲ್ಲಿ ನೊಸೆರಾ ಮತ್ತು ಅವರ ಜತೆಗಿದ್ದ ಯುವ ಸಂಶೋಧಕ ಮ್ಯಾಥ್ಯೂ ಕನನ್ ಕಂಡುಕೊಂಡದ್ದು ಇದೇ ಗುಣವನ್ನು. ಕೋಬಾಲ್ಟ್ ಲವಣ ಮತ್ತು ಫಾಸ್ಫೇಟ್ ಕರಗಿಸಿದ ನೀರಿನಲ್ಲಿ ಗಾಜಿನ ಮೇಲಿನ ಸಾಮಾನ್ಯ ವಿದ್ಯುದಗ್ರವನ್ನಿಟ್ಟು (ಎಲೆಕ್ಟ್ರೋಡ್) ವೋಲ್ಟೇಜು ಕೊಟ್ಟಾಗ, ಅದರ ಮೇಲೆ ಕಪ್ಪಾದ ಪದರವೊಂದು ತಾನಾಗಿ ಕೂತು, ಕೂತಲ್ಲಿಂದಲೇ ಆಮ್ಲಜನಕ ಬಿಡತೊಡಗಿತು. ಪದರದಿಂದ ಕೋಬಾಲ್ಟ್ ಕರಗಿ ನೀರಿಗೆ ಬಿದ್ದರೆ, ಅದೇ ವೋಲ್ಟೇಜಿನಲ್ಲಿ ಅದು ಮತ್ತೆ ಉತ್ಕರ್ಷಣಗೊಂಡು (ಎಲೆಕ್ಟ್ರಾನ್ ಕಳೆದುಕೊಂಡು) ಫಾಸ್ಫೇಟಿನ ನೆರವಿನಿಂದ ಮರಳಿ ಪದರಕ್ಕೆ ಅಂಟುತ್ತಿತ್ತು. ಪ್ಲಾಟಿನಮ್, ಇರಿಡಿಯಮ್‌ಗಳಂಥ ದುಬಾರಿ ಲೋಹವಾಗಲಿ, ಕೈ ಸುಡುವ ಕ್ಷಾರವಾಗಲಿ ಬೇಡದೆ, ತಟಸ್ಥ ನೀರಿನಲ್ಲಿ ಇದು ನಡೆದದ್ದೇ ವಿಶೇಷ.

ಪ್ರಶ್ನೆ: ಅಷ್ಟು ಚೆನ್ನಾಗಿದ್ದರೆ ಮಾರುಕಟ್ಟೆಗೆ ಏಕೆ ಬರಲಿಲ್ಲ? ನಮ್ಮ ಮನೆಯ ತಾರಸಿಯ ಮೇಲೆ ಈಗಾಗಲೇ ಸೋಲಾರ್ ಪ್ಯಾನೆಲ್ ಇದೆ. ಅದಕ್ಕಿಂತ ಇದು ಮೇಲೇ?
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ನಿಮ್ಮ ತಾರಸಿಯ ಮೇಲೆಯೇ ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಳ್ಳೆಯ ಬಿಸಿಲಿನ ದಿನ ಸುಮಾರು 5 ಯೂನಿಟ್‌ನಷ್ಟು ಸೌರಶಕ್ತಿ ಬೀಳುತ್ತದೆ. ತಂತಿಯಿಲ್ಲದ ಆ ಎಲೆಯ ದಕ್ಷತೆ 2.5 ಪ್ರತಿಶತ (ತಂತಿ ಜೋಡಿಸಿದಾಗ 4.7) ಎಂದು ನೊಸೆರಾ ತಂಡದ 2011ರ ಪ್ರಬಂಧವೇ ಹೇಳಿತ್ತು. ಒಂದು ಕಿಲೋ ಜಲಜನಕದಲ್ಲಿ ಸುಮಾರು 33 ಯೂನಿಟ್ ಶಕ್ತಿ ಇರುವುದರಿಂದ, ದಿನವಿಡೀ ದುಡಿದರೂ ಎಲೆ ಕೊಡುವ ಜಲಜನಕ 4 ಗ್ರಾಂ ಮುಟ್ಟುವುದಿಲ್ಲ. ಅಷ್ಟೇ ಜಾಗದಲ್ಲಿ 20 ಪ್ರತಿಶತ ದಕ್ಷತೆಯ ಮಾಮೂಲಿ ಪ್ಯಾನೆಲ್ ಇಟ್ಟು, ಅದರ ವಿದ್ಯುತ್ತನ್ನು ಸಾಧಾರಣ ವಿದ್ಯುದ್ವಿಭಜಕಕ್ಕೆ (ವಿದ್ಯುತ್ತಿನಿಂದ ನೀರನ್ನು ಒಡೆಯುವ ಯಂತ್ರ) ಕೊಟ್ಟರೆ 20 ಗ್ರಾಂ ಆಸುಪಾಸು ಸಿಗುತ್ತದೆ. ಅದೇ ವರ್ಷಗಳಲ್ಲಿ ಪ್ಯಾನೆಲ್ಲುಗಳ ಬೆಲೆಯೂ ಧಡಾರನೆ ಕುಸಿಯಿತು. ಇದರ ಮೇಲೆ, ಒಂದೇ ಪಾತ್ರೆಯಲ್ಲಿ ಏಳುವ ಜಲಜನಕ ಮತ್ತು ಆಮ್ಲಜನಕ ಬೆರೆತರೆ ಸ್ಫೋಟಕ ಮಿಶ್ರಣವಾಗುತ್ತದೆ. ಎರಡನ್ನೂ ಬೇರೆಬೇರೆಯಾಗಿ ಹಿಡಿಯುವ ವ್ಯವಸ್ಥೆ ಮಾಡಲು ಹೋದರೆ ಎಲೆಯ ಸರಳತೆಯೇ ಹೋಗುತ್ತದೆ.

ನೊಸೆರಾ 2009ರಲ್ಲಿ ಹುಟ್ಟುಹಾಕಿದ ಸನ್ ಕ್ಯಾಟಲಿಟಿಕ್ಸ್ ಎಂಬ ಕಂಪನಿಗೆ ನಮ್ಮ ಟಾಟಾ ಸಮೂಹವೂ ಹಣ ಹೂಡಿತ್ತು. ವಿದ್ಯುತ್ ತಂತಿ ತಲುಪದ ಹಳ್ಳಿಯ ಮನೆಗಳೇ ಅವರ ಗುರಿಯಾಗಿದ್ದುದರಿಂದ ಈ ನಂಟು ಸಹಜವಾಗಿತ್ತು. ಆದರೆ ಕಂಪನಿ ಎಲೆಯನ್ನು ಬದಿಗಿಟ್ಟು ಶಕ್ತಿಯನ್ನು ದ್ರವಗಳಲ್ಲಿ ಕೂಡಿಡುವ ಫ್ಲೋ ಬ್ಯಾಟರಿಯ ಕಡೆ ಹೊರಳಿತು, 2014ರಲ್ಲಿ ಅಮೆರಿಕದ ರಕ್ಷಣಾ ಕಂಪನಿ ಲಾಕ್‌ಹೀಡ್ ಮಾರ್ಟಿನ್ ಅದನ್ನು ಕೊಂಡುಕೊಂಡಿತು. ವೇಗವರ್ಧಕ ಸೋಲಲಿಲ್ಲ, ಅದರ ಸುತ್ತ ಕಟ್ಟಿದ ಸರಕು ಬೆಲೆಯಲ್ಲಿ ಸೋತಿತು. ಪ್ರಯೋಗಾಲಯದ ಫಲಿತಾಂಶಕ್ಕೆ ಅಷ್ಟು ಬೇಗ ಹಳ್ಳಿಯ ಮನೆಯ ಕನಸನ್ನು ತಗುಲಿಸಿದ್ದು ಆತುರವಾಯಿತು ಎಂಬ ಟೀಕೆಯಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಅಲ್ಲಿಗೆ ಅವರು ಆ ಕೆಲಸವನ್ನೇ ಕೈಬಿಟ್ಟರೇ?
— ಓದುಗರು, ಮೈಸೂರು

ಉತ್ತರ: ಇಲ್ಲ. ಜಲಜನಕವನ್ನು ಹಿಡಿದಿಡುವುದೇ ಕಷ್ಟವಾದರೆ ಅದನ್ನು ಬ್ಯಾಕ್ಟೀರಿಯಾಗೆ ತಿನ್ನಿಸಬಾರದೇಕೆ ಎಂಬ ದಾರಿ ಹಿಡಿದರು. ಹಾರ್ವರ್ಡ್ ವೈದ್ಯಕೀಯ ಶಾಲೆಯ ಪಮೇಲಾ ಸಿಲ್ವರ್ ಅವರೊಂದಿಗೆ, ರಾಲ್‌ಸ್ಟೋನಿಯಾ ಯೂಟ್ರೋಫಾ ಎಂಬ ಬ್ಯಾಕ್ಟೀರಿಯವನ್ನು ವಿದ್ಯುದಗ್ರಗಳಿರುವ ಪಾತ್ರೆಯಲ್ಲೇ ಬೆಳೆಸಿದರು. ಅದು ಜಲಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ಉಂಡು ಆಲ್ಕೊಹಾಲ್ ಮಾಡುತ್ತದೆ. ಮೊದಲ ಸುತ್ತಿನಲ್ಲಿ, ಜಲಜನಕದ ಬದಿಯ ನಿಕಲ್ ಮಿಶ್ರಲೋಹದ ಬಳಿ ಹುಟ್ಟುತ್ತಿದ್ದ ಆಮ್ಲಜನಕದ ತೀಕ್ಷ್ಣ ರೂಪಗಳು ಬ್ಯಾಕ್ಟೀರಿಯಾಗಳಿಗೆ ವಿಷವಾಗುತ್ತಿದ್ದವು. ಅಲ್ಲಿ ಕೋಬಾಲ್ಟ್-ಫಾಸ್ಫರಸ್ ಮಿಶ್ರಲೋಹವನ್ನಿಟ್ಟ ಮೇಲೆ ಆ ಕಾಟ ತಪ್ಪಿತು. 18 ಪ್ರತಿಶತ ದಕ್ಷತೆಯ ಸೌರಫಲಕದೊಂದಿಗೆ ಜೋಡಿಸಿದರೆ ಒಟ್ಟು ದಕ್ಷತೆ ಸುಮಾರು 10 ಪ್ರತಿಶತವಾಗುತ್ತದೆ ಎಂದು 2016ರಲ್ಲಿ ವರದಿ ಮಾಡಿದರು. ಹೊಲದ ಬೆಳೆಗಳಲ್ಲಿ ಇದು ಸಾಮಾನ್ಯವಾಗಿ 1 ಪ್ರತಿಶತದ ಆಸುಪಾಸು. ಮರುವರ್ಷ ಗಾಳಿಯ ಸಾರಜನಕವನ್ನು ಹಿಡಿಯುವ ಇನ್ನೊಂದು ಬ್ಯಾಕ್ಟೀರಿಯವನ್ನು ಇದೇ ರೀತಿ ಬೆಳೆಸಿ ಮೂಲಂಗಿಗೆ ಗೊಬ್ಬರವಾಗಿ ಕೊಟ್ಟು ನೋಡಿದರು. ಇಲ್ಲಿ ಸೌರಫಲಕ ಪಾತ್ರೆಯ ಹೊರಗಿದ್ದು ತಂತಿಯಿಂದ ಜೋಡಿಸಿದ್ದು ಎಂಬುದನ್ನು ಗಮನಿಸಿ. ‘ಎಲೆ’ ಎಂಬ ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಪ್ರಶ್ನೆ: ಇಂಥ ಸಂಶೋಧನೆ ನಮ್ಮಲ್ಲಿ ಎಲ್ಲಿ ನಡೆಯುತ್ತಿದೆ? ಸೇರಲು ಏನು ಓದಬೇಕು?
— ಬಿ.ಎಸ್ಸಿ. ವಿದ್ಯಾರ್ಥಿ, ಹಾಸನ

ಉತ್ತರ: ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ, ಬೆಳಕಿನಿಂದ ನೀರಿನ ಜಲಜನಕವನ್ನು ಬಿಡಿಸುವ ಅರೆವಾಹಕ (ಸೆಮಿಕಂಡಕ್ಟರ್) ನ್ಯಾನೊಕಣಗಳ ಮೇಲೆ ಕೆಲಸ ಮಾಡಿದೆ. ಅದೇ ಕೇಂದ್ರದ ಸೆಬಾಸ್ಟಿಯನ್ ಪೀಟರ್ ಅವರ ಸಂಶೋಧನೆಯಿಂದ ಹುಟ್ಟಿದ ಬ್ರೀತ್ ಎಂಬ ಸಂಸ್ಥೆ, ಇಂಗಾಲದ ಡೈಆಕ್ಸೈಡಿನಿಂದ ಮೆಥನಾಲ್ ತಯಾರಿಸುವ ತಂತ್ರದೊಂದಿಗೆ, ಅಂತರರಾಷ್ಟ್ರೀಯ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಸುತ್ತು ತಲುಪಿತ್ತು. ಅಕಾರ್ಬನಿಕ ರಸಾಯನಶಾಸ್ತ್ರ ಮತ್ತು ವಿದ್ಯುದ್ರಸಾಯನಶಾಸ್ತ್ರವನ್ನು ಗಟ್ಟಿ ಮಾಡಿಕೊಳ್ಳಿ, ಅರೆವಾಹಕಗಳ ಭೌತಶಾಸ್ತ್ರವನ್ನು ಪರೀಕ್ಷೆಗಷ್ಟೇ ಓದಿ ಬಿಡಬೇಡಿ. ಜಕ್ಕೂರಿನ ಕೇಂದ್ರದಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಬಿ.ಎಸ್ಸಿ. ನಂತರ ನೇರವಾಗಿ ಸೇರಬಹುದಾದ ಇಂಟಿಗ್ರೇಟೆಡ್ ಪಿಎಚ್.ಡಿ. ಇದೆ. ಅದಕ್ಕೂ ಮೊದಲು ಒಂದು ಪ್ರಯೋಗಾಲಯದೊಳಗೆ ಎರಡು ತಿಂಗಳು ಕಳೆದು ನೋಡುವ ಮನಸ್ಸಿದ್ದರೆ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು.