ಕೆರೆ ಏರಿಯ ಕಲ್ಲು: ಹಲ್ಮಿಡಿಗಿಂತ ಹಳೆಯದೋ, ಮೊನ್ನೆ ಕೊರೆದದ್ದೋ?

ಪ್ರಶ್ನೆ: ನಮ್ಮೂರು ಬೇಲೂರು ತಾಲ್ಲೂಕಿನಲ್ಲಿದೆ. ಕೆರೆ ಹೂಳೆತ್ತುವಾಗ ಏರಿಯ ಬುಡದಲ್ಲಿ ಜೆಸಿಬಿಗೆ ಒಂದು ಕಲ್ಲು ಸಿಕ್ಕಿತು. ಮೇಲೆ ಸೂರ್ಯ, ಚಂದ್ರ. ಕೆಳಗೆ ಓದಲಾಗದ ಮೂರು ಸಾಲು. ಈಗ ಊರಲ್ಲಿ ಎರಡು ಪಕ್ಷ. ‘ಇದು ಹಲ್ಮಿಡಿ ಶಾಸನಕ್ಕಿಂತ ಹಳೆಯದು’ ಎಂದು ಕೆಲವರು. ‘ಅಕ್ಷರದ ಒಳಗೆ ಬೆಳ್ಳಗಿದೆ, ಯಾರೋ ಈಚೆಗೆ ಕೊರೆಸಿ ಹೂತಿದ್ದಾರೆ’ ಎಂದು ಉಳಿದವರು. ಫೋಟೊ ಕಳಿಸಿದ್ದೇನೆ. ಯಾರ ಮಾತು ಸರಿ?

ಉತ್ತರ: ಫೋಟೊ ನೋಡಿ ಹೇಳುವುದಾದರೆ, ಎರಡೂ ಪಕ್ಷ ಸೋತಿದೆ.

ಮೊದಲು ಆ ಬಿಳಿ ಬಣ್ಣ. ನಿಮ್ಮ ಎರಡನೆಯ ಚಿತ್ರವನ್ನು ದೊಡ್ಡದು ಮಾಡಿದರೆ, ಬಿಳಿ ಇರುವುದು ಅಕ್ಷರದ ತಳದಲ್ಲಿ ಮಾತ್ರ, ಅದೂ ಗೆರೆಗೆರೆಯಾಗಿ. ಉಳಿಯೇಟು ಬಿದ್ದಿದ್ದರೆ ಹೀಗಿರುವುದಿಲ್ಲ. ಚಿತ್ರ ಚೆನ್ನಾಗಿ ಬರಲೆಂದು ಯಾರೋ ಮೊಳೆಯಿಂದಲೋ ತಂತಿ ಬ್ರಷ್ಷಿನಿಂದಲೋ ಅಕ್ಷರ ಕೆರೆದಿದ್ದಾರೆ. ಅಕ್ಷರದ ಅಂಚುಗಳು ಮಾತ್ರ ಸವೆದು ಮೊಂಡಾಗಿವೆ, ಬಣ್ಣ ಸುತ್ತಲಿನ ಕಲ್ಲಿನಂತೆಯೇ ಕಪ್ಪು. ಇನ್ನೂ ಒಳ್ಳೆಯ ಸಾಕ್ಷಿ ಬಲಗಡೆಯ ಮೂಲೆಯಲ್ಲಿದೆ. ಅಲ್ಲಿ ಕಲ್ಲು ಮುರಿದಿದೆ, ಮೂರನೆಯ ಸಾಲಿನ ಕೊನೆಯ ಅಕ್ಷರ ಅರ್ಧಕ್ಕೆ ತುಂಡಾಗಿದೆ, ಮುರಿದ ಮೈ ಮೇಲೂ ಪಾಚಿಯ ಹಳೆಯ ಕಲೆಯಿದೆ. ಮುರಿದ ಕಲ್ಲಿನ ಮೇಲೆ ಆಮೇಲೆ ಕೊರೆಯುವವನು ಮುರುಕಿನ ಈಚೆಗೇ ಸಾಲು ನಿಲ್ಲಿಸುತ್ತಾನೆ. ಇಲ್ಲಿ ಬರಹ ಮೊದಲು, ಮುರುಕು ಆಮೇಲೆ, ಪಾಚಿ ಅದಕ್ಕೂ ಆಮೇಲೆ.

ಅಕ್ಷರಗಳ ಸಾಕ್ಷಿ ಇನ್ನೂ ಗಟ್ಟಿ. ಮೂರನೆಯ ಸಾಲಿನಲ್ಲಿ ನನಗೆ ಕಾಣುವುದು ‘ಹಿರಿಯ ಕೆಱೆಗೆ ಬಿಟ್ಟ ಗದ್ದೆ’. ಕೆರೆಗೆ ಹಾಕಿರುವುದು ಹಳೆಯ ಶಕಟರೇಫ (ಱ), ಹಿರಿಯದಕ್ಕೆ ಹಾಕಿರುವುದು ಮಾಮೂಲು ರೇಫ (ರ). ಎರಡೂ ಇರಬೇಕಾದಲ್ಲೇ ಇವೆ. ಪದಗಳ ನಡುವೆ ಜಾಗ ಬಿಟ್ಟಿಲ್ಲ. ಏಕಾರ, ಓಕಾರಗಳಿಗೆ ಇಂದಿನ ದೀರ್ಘದ ಗುರುತು ಎಲ್ಲೂ ಇಲ್ಲ. ಹಳೆಯ ಶಾಸನಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಶಾಲೆಯಲ್ಲಿ ಇಂದಿನ ಕನ್ನಡ ಕಲಿತ ಕೈ ಇಷ್ಟನ್ನೂ ತಪ್ಪದೆ ನಟಿಸುವುದು ಬಹಳ ಕಷ್ಟ. ಆದ್ದರಿಂದ ಮೊನ್ನೆ ಕೊರೆದದ್ದು ಎಂಬ ಮಾತು ನಿಲ್ಲುವುದಿಲ್ಲ.

ಆದರೆ ಅದೇ ಸಾಲು ಹಲ್ಮಿಡಿ ಪಕ್ಷದವರನ್ನೂ ಸೋಲಿಸುತ್ತದೆ. ಅಚ್ಚಗನ್ನಡ ಪದಗಳ ಮೊದಲ ಪಕಾರ ಹಕಾರಕ್ಕೆ ತಿರುಗುವುದು ಶಾಸನಗಳಲ್ಲಿ ಸುಮಾರು 10ನೇ ಶತಮಾನದಿಂದೀಚೆಗೆ ಕಾಣತೊಡಗುತ್ತದೆ. ಅದಕ್ಕೂ ಹಿಂದಿನದಾದರೆ ‘ಪಿರಿಯ’ ಎಂದಿರಬೇಕಿತ್ತು. ಹಲ್ಮಿಡಿ ಶಾಸನವೇ ತನ್ನ ಊರನ್ನು ಪಕಾರದಿಂದ ಬರೆದುಕೊಂಡಿದೆ. ನಿಮ್ಮ ಕಲ್ಲಿನ ದುಂಡನೆಯ, ಒತ್ತೊತ್ತಾದ ಅಕ್ಷರಗಳೂ ಹೊಯ್ಸಳರ ಕಾಲದವು, 12 ಅಥವಾ 13ನೇ ಶತಮಾನ. ವಿಷಯ ಕೆರೆಯ ಉಸ್ತುವಾರಿಗೆ ಬಿಟ್ಟ ಭೂಮಿ. ಬಿತ್ತುವಟ್ಟ ಎಂದು ಕರೆಯುತ್ತಿದ್ದ ದತ್ತಿಯ ಜಾತಿಗೆ ಸೇರಿದ್ದು. ಏರಿಯ ಬುಡದಲ್ಲಿ ಸಿಕ್ಕಿದ್ದು ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಹಲ್ಮಿಡಿಯ ಹೆಸರು ಎತ್ತುವವರು ಇನ್ನೊಂದು ಮಾತು ಗಮನಿಸಬೇಕು. ಡಾ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಆ 16 ಸಾಲುಗಳಲ್ಲಿ ಶಕವರ್ಷವೇ ಇಲ್ಲ. ಸುಮಾರು 450 ಎನ್ನುವುದು ಲಿಪಿ, ಭಾಷೆ ಮತ್ತು ಕದಂಬ ದೊರೆ ಕಾಕುಸ್ಥನ ಹೆಸರನ್ನು ನೋಡಿ ಕಟ್ಟಿದ ಕಾಲ. ಇನ್ನೂ ಈಚೆಗೆ ತಳ್ಳಿದ ವಿದ್ವಾಂಸರಿದ್ದಾರೆ. ಬರಹ ಒರಟಾಗಿರುವುದರಿಂದ ಈಚಿನದು ಎಂಬ ಭ್ರಮೆ ಹುಟ್ಟುತ್ತದೆ, ನಿಜವಾಗಿ ಅದು 5ನೇ ಶತಮಾನದ್ದೇ ಎಂದು ಕೆ.ವಿ. ರಮೇಶ್ ಅಂಥವರು ವಾದಿಸಿದ್ದಾರೆ. ಜಗಳ ಕಾಲದ ಬಗ್ಗೆ. ಕಲ್ಲು ಖೋಟಾ ಎಂದಲ್ಲ. (ಮೂಲ ಕಲ್ಲು ಈಗ ಊರಿನಲ್ಲಿಲ್ಲ. ಊರಿನ ಮಂಟಪದಲ್ಲಿ ನೀವು ನೋಡುವುದು ಫೈಬರಿನ ಪ್ರತಿಕೃತಿ. ಅದರ ಮುಂದೆ ನಿಂತು ಉಳಿಯ ಗುರುತು ಹುಡುಕಿದವರನ್ನು ಬಲ್ಲೆ.)

ಖೋಟಾ ದಾಖಲೆ ನಮ್ಮಲ್ಲಿ ಇಲ್ಲವೆಂದಲ್ಲ, ಅದು ಹೆಚ್ಚಾಗಿ ಕಂಡಿರುವುದು ತಾಮ್ರಪಟಗಳಲ್ಲಿ. ಗಂಗರ ಹೆಸರಿನ ಎಷ್ಟೋ ತಾಮ್ರಪಟ ಆಮೇಲೆ ಹುಟ್ಟಿಸಿದವು ಎಂದು ಶಾಸನತಜ್ಞ ಫ್ಲೀಟ್ ಪಟ್ಟು ಹಿಡಿದರು, ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಒಪ್ಪಲಿಲ್ಲ. ಶಕ 388ರದೆಂದು ಎಣಿಸಿದ ಮಡಿಕೇರಿ ತಾಮ್ರಪಟ ಆ ವಾದದ ನಡುವೆಯೇ ಸಿಕ್ಕಿಕೊಂಡಿತ್ತು. ಜಮೀನಿನ ಹಕ್ಕು ಸಾಧಿಸಲು ತಾಮ್ರದ ತಗಡು ಮನೆಯೊಳಗೇ ತಯಾರಾಗುತ್ತದೆ, ಪೆಟ್ಟಿಗೆಯಲ್ಲಿ ಕೂರುತ್ತದೆ. ಕೆರೆ ಏರಿಯ ಮೇಲೆ ಕಲ್ಲು ನೆಡಬೇಕಾದರೆ ಊರೆಲ್ಲ ನೋಡುತ್ತದೆ.

ಕಲ್ಲು ಅಸಲಿಯಾದ ಮಾತ್ರಕ್ಕೆ ಅದು ಹೇಳುವುದೆಲ್ಲ ನಿಜವಾಗಬೇಕಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೊದಲನೆಯ ಶಾಸನವನ್ನು ನೋಡಿ. ಸುಮಾರು ಕ್ರಿ.ಶ. 600ರದು, ಅದರ ಪ್ರಾಚೀನತೆಗೆ ತಕರಾರಿಲ್ಲ. ಅದು ಹೇಳುವ ಜೈನ ಮುನಿ ಭದ್ರಬಾಹು, ಹನ್ನೆರಡು ವರ್ಷದ ಬರ, ದಕ್ಷಿಣಕ್ಕೆ ಬಂದ ಸಂಘ ಮಾತ್ರ, ಸಂಪ್ರದಾಯದ ಲೆಕ್ಕದಲ್ಲಿ ಅದಕ್ಕೂ ಒಂಬತ್ತು ಶತಮಾನ ಹಿಂದಿನ ಕಥೆ. ಅಲ್ಲಿ ಬರುವ ಪ್ರಭಾಚಂದ್ರ ಎಂಬಾತ ಚಂದ್ರಗುಪ್ತ ಮೌರ್ಯನೇ ಅಲ್ಲವೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ನಿಮ್ಮ ಕಲ್ಲಿಗೆ ಬರೋಣ. ಎರಡನೆಯ ಸಾಲಿನಲ್ಲಿ ‘ವಿಳಂಬಿ ಸಂವತ್ಸರ’ ಎಂದಿದೆ, ಅದರ ಹಿಂದಿನ ಜಾಗ ಚಕ್ಕೆ ಎದ್ದಿದೆ. ಅದು ವಿಳಂಬಿಯೇ ಇರಬಹುದು, ‘ಹೇ’ ಹಾರಿಹೋದ ಹೇವಿಳಂಬಿಯೂ ಇರಬಹುದು. ಗತಶಕ ವರ್ಷಕ್ಕೆ, ಅಂದರೆ ಮುಗಿದ ಶಕವರ್ಷಗಳ ಎಣಿಕೆಗೆ, 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಅರವತ್ತರ ಚಕ್ರದಲ್ಲಿ ಸಂವತ್ಸರದ ಸಂಖ್ಯೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯ ಶಕ 1039ಕ್ಕೆ 12 ಸೇರಿಸಿದರೆ 1051, ಶೇಷ 31, ಅಂದರೆ ಹೇವಿಳಂಬಿ. ಅದು 1117. ಇದನ್ನು ಓದಿದ ಕೂಡಲೇ ‘ನಮ್ಮ ಕಲ್ಲೂ ಬೇಲೂರು ದೇವಸ್ಥಾನದ ವರ್ಷದ್ದೇ’ ಎಂದು ಬ್ಯಾನರ್ ಕಟ್ಟಬೇಡಿ! ಹೇವಿಳಂಬಿ 1177, 1237, 1297ರಲ್ಲೂ ಬಂದಿದೆ. ವಿಳಂಬಿ ಅದರದರ ಮರುವರ್ಷ. ಶಕದ ಅಂಕಿಯೋ, ತಿಥಿಯ ಜೊತೆಗೆ ವಾರವೋ ಸಿಕ್ಕರೆ ಪಂಚಾಂಗದ ಲೆಕ್ಕದಲ್ಲಿ ಒಂದೇ ವರ್ಷಕ್ಕೆ ಇಳಿಸಬಹುದು.

ಅದಕ್ಕಾಗಿ ಕೆರೆಯುವುದನ್ನು ಇಂದೇ ನಿಲ್ಲಿಸಿ. ಆ್ಯಸಿಡ್, ಸುಣ್ಣ, ಎಣ್ಣೆ, ಅರಿಶಿನ ಕುಂಕುಮ ಯಾವುದೂ ಬೇಡ. ಕಲ್ಲನ್ನು ದೇವಸ್ಥಾನದ ಅಂಗಳಕ್ಕೆ ಸಾಗಿಸಬೇಡಿ; ಸಿಕ್ಕ ಜಾಗವೂ ಸಾಕ್ಷಿಯೇ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಓರೆ ಬೆಳಕಿನಲ್ಲಿ ನಾಲ್ಕೂ ಕಡೆಯಿಂದ ಚಿತ್ರ ತೆಗೆಯಿರಿ. ತಹಶೀಲ್ದಾರರಿಗೆ ಬರೆದು ತಿಳಿಸಿ. ನೂರು ವರ್ಷ ದಾಟಿದ ಶಾಸನ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಕಲ್ಲಿನ ಬರಹವನ್ನು ಕಾಗದದ ಮೇಲೆ ಒತ್ತಿ ಪಡಿಯಚ್ಚು ತೆಗೆಯುವವರು ಮೈಸೂರಿನಲ್ಲಿದ್ದಾರೆ: ರಾಜ್ಯ ಪುರಾತತ್ವ ಇಲಾಖೆಯಲ್ಲೂ, ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದಲ್ಲೂ. ನಡುವೆ ರೈಸ್ ಅವರ 1902ರ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ನಿಮ್ಮೂರಿನ ಹೆಸರು ಹುಡುಕಿ. ಆಗ ಓದಿದ ಕಲ್ಲು ಆಮೇಲೆ ಹೂಳಿನಲ್ಲಿ ಮುಚ್ಚಿಹೋಗಿರುವುದೂ ಉಂಟು.

ಪ್ರಶ್ನೆ: ಇಂಥ ಕಲ್ಲನ್ನು ಕಾರ್ಬನ್ ಪರೀಕ್ಷೆಗೆ ಕಳಿಸಿದರೆ ವಾದವೇ ಮುಗಿಯುತ್ತದಲ್ಲ? (ತರೀಕೆರೆಯಿಂದ)

ಉತ್ತರ: ಇಲ್ಲ. ಆ ಪರೀಕ್ಷೆ ನಡೆಯುವುದು ಒಂದು ಕಾಲಕ್ಕೆ ಜೀವವಿದ್ದ ವಸ್ತುವಿಗೆ: ಮರ, ಇದ್ದಿಲು, ಮೂಳೆ. ಇನ್ನು ಬಂಡೆಯ ವಯಸ್ಸು ಬೇರೆ ವಿಧಾನದಿಂದ ಗೊತ್ತಾದರೂ ಅದು ಕೋಟಿಗಟ್ಟಲೆ ವರ್ಷ. ಕೊರೆದ ದಿನವನ್ನು ಅದು ಹೇಳದು.

ಪ್ರಶ್ನೆ: ನಮ್ಮ ಕಾಫಿ ತೋಟದ ಅಂಚಿನ ಕಲ್ಲಿನಲ್ಲಿ ಅಕ್ಷರವಿಲ್ಲ, ಕೊಡೆ, ಕಮಂಡಲ ಹಿಡಿದ ಪುಟ್ಟ ಆಕೃತಿಯಿದೆ. ಕೆಳಗೆ ನಿಧಿಯಿದೆ ಎನ್ನುತ್ತಾರೆ. (ಮೂಡಿಗೆರೆಯಿಂದ)

ಉತ್ತರ: ಅದು ವಾಮನಮುದ್ರೆ ಕಲ್ಲು. ಬ್ರಾಹ್ಮಣರಿಗೋ ವಿಷ್ಣು ದೇವಾಲಯಕ್ಕೋ ಬಿಟ್ಟ ಭೂಮಿಯ ಎಲ್ಲೆಯ ಗುರುತು. ಶಿವಾಲಯದ ಭೂಮಿಯಾದರೆ ಲಿಂಗಮುದ್ರೆ ಇರುತ್ತದೆ. ಅಗೆದರೆ ಸಿಗುವುದು ಕಲ್ಲಿನ ಬುಡ. ಹೊಲದ ಮಿಕ್ಕ ಮೂಲೆಗಳಲ್ಲಿ ಇದರ ಜೋಡಿ ಕಲ್ಲುಗಳಿವೆಯೇ ನೋಡಿ ತಿಳಿಸಿ, ದತ್ತಿ ಭೂಮಿಯ ಅಳತೆ ಸಿಕ್ಕೀತು.