ಶೆಲ್ವ್‌ನಲ್ಲಿ ಅಪೆಂಡ್ ಮಾಡಿದ್ದು ಯಾಕೆ ಉಳಿಯುತ್ತಿಲ್ಲ?
ಪೈಥಾನ್‌ನ ಶೆಲ್ವ್ (ಡಿಕ್ಷನರಿಯಂತೆ ಕೀ, ವ್ಯಾಲ್ಯೂಗಳನ್ನು ಫೈಲ್‌ನಲ್ಲಿ ಉಳಿಸಿಡುವ ಮಾಡ್ಯೂಲ್) ಫೈಲ್‌ನಲ್ಲಿ ಒಂದು ಕೀಗೆ ಲಿಸ್ಟ್ ಇಟ್ಟು, ಆಮೇಲೆ ಅದಕ್ಕೆ ಅಪೆಂಡ್ ಮಾಡಿದ್ದೀರಿ. ಮುಚ್ಚಿ ಮತ್ತೆ ತೆರೆದರೆ ಹೊಸದು ಮಾಯ, ಎರರ್ ಕೂಡ ಇಲ್ಲ ಅಂತ ಕೇಳಿದ್ದೀರಿ. ನಾನೂ ಒಮ್ಮೆ ಇದರ ಹಿಂದೆ ಬಿದ್ದು ಅರ್ಧ ದಿನ ಕಳೆದಿದ್ದೇನೆ.

ಒಳಗಿರುವ ಡಿಬಿಎಂ ಎಂಬ ಸರಳ ಡೇಟಾಬೇಸ್ ಫೈಲ್‌ಗೆ ಲಿಸ್ಟ್, ಡಿಕ್ಷನರಿ ಅಂದರೆ ಏನೂ ಗೊತ್ತಿಲ್ಲ. ಅದಕ್ಕೆ ಕೀ ಕೂಡ ಬೈಟ್‌ಗಳೇ, ವ್ಯಾಲ್ಯೂ ಕೂಡ ಬೈಟ್‌ಗಳೇ. ಶೆಲ್ವ್ ನಿಮ್ಮ ಇಡೀ ಲಿಸ್ಟನ್ನು ಪಿಕಲ್ ಮಾಡಿ (ಅಂದರೆ ಬೈಟ್‌ಗಳಾಗಿ ಬದಲಿಸಿ), ಒಂದೇ ಗಂಟು ಕಟ್ಟಿ ಅಲ್ಲಿಡುತ್ತದೆ. ನೀವು ಡಿಬಿ['ಅಂಕ'] ಅಂತ (ಡಿಬಿ ಅಂದರೆ ತೆರೆದ ಶೆಲ್ವ್, 'ಅಂಕ' ನಿಮ್ಮ ಕೀ ಅಂದುಕೊಳ್ಳಿ) ಕೇಳಿದಾಗಲೆಲ್ಲ ಗಂಟು ಬಿಚ್ಚಿ ಹೊಸದೊಂದು ಪ್ರತಿ ಕೈಗೆ ಕೊಡುತ್ತದೆ. ನೀವು ಅಪೆಂಡ್ ಮಾಡಿದ್ದು ಆ ಪ್ರತಿಗೆ. ಅದನ್ನು ವಾಪಸ್ ಇಡಲೇ ಇಲ್ಲ, ಅಲ್ವಾ?

ಹೀಗೆ ಮಾಡಿ: ಮೊದಲು ಡಿಬಿ['ಅಂಕ'] ಅನ್ನು ಒಂದು ವೇರಿಯಬಲ್‌ಗೆ ತೆಗೆದುಕೊಳ್ಳಿ. ಅದಕ್ಕೆ ಅಪೆಂಡ್ ಮಾಡಿ. ಕೊನೆಗೆ ಆ ವೇರಿಯಬಲನ್ನೇ ಡಿಬಿ['ಅಂಕ'] ಗೆ ಮತ್ತೆ ಅಸೈನ್ ಮಾಡಿ. ಡಿಕ್ಷನರಿಯೊಳಗಿನ ಡಿಕ್ಷನರಿಗೂ ಇದೇ ದಾರಿ.

ಶೆಲ್ವ್ ತೆರೆಯುವಾಗ ರೈಟ್‌ಬ್ಯಾಕ್ ಎಂಬ ಆಯ್ಕೆಯನ್ನು ಟ್ರೂ ಮಾಡಿದರೂ ಕೆಲಸ ಆಗುತ್ತದೆ. ಆದರೆ ಮುಟ್ಟಿದ ಪ್ರತಿ ಎಂಟ್ರಿಯನ್ನೂ ಅದು ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು, ಮುಚ್ಚುವಾಗ ಅಷ್ಟನ್ನೂ ಮತ್ತೆ ಬರೆಯುತ್ತದೆ. ಸುಮ್ನೆ ಓದಿದ್ದನ್ನೂ ಬಿಡುವುದಿಲ್ಲ! ಡೇಟಾ ಜಾಸ್ತಿ ಇದ್ದರೆ ಕ್ಲೋಸ್ ಆಗಲು ಕಾಯುತ್ತಾ ಕೂರಬೇಕು. ನಾನಂತೂ ಕೈಯಾರೆ ವಾಪಸ್ ಇಡುವುದನ್ನೇ ಇಷ್ಟಪಡುತ್ತೇನೆ.

ಇನ್ನೊಂದು ಮಾತು, ಬೇರೆಯವರು ಕಳಿಸಿದ ಶೆಲ್ವ್ ಫೈಲ್ ತೆರೆಯಬೇಡಿ. ಪಿಕಲ್ ಬಿಚ್ಚುವಾಗ ಒಳಗೆ ಅಡಗಿಸಿಟ್ಟ ಕೋಡ್ ಓಡಿಬಿಡಬಹುದು. ಮುಂದೆ ‘ಅಂಕ 80 ದಾಟಿದವರು ಯಾರು’ ಅಂತ ಒಳಗಿನ ಮೌಲ್ಯದ ಮೇಲೆ ಹುಡುಕುವುದಿದ್ದರೆ ಈಗಲೇ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ಗೆ ಹೋಗಿ. ಶೆಲ್ವ್‌ನಲ್ಲಾದರೆ ಅದಕ್ಕೆ ಎಲ್ಲ ಗಂಟುಗಳನ್ನೂ ಒಂದೊಂದಾಗಿ ಬಿಚ್ಚಬೇಕಾಗುತ್ತದೆ.